ಗೋ ಅರೌಂಡಿಗೆ ಸೊನ್ನೆ ಅಂಕ: ಒಂದು ಫ್ಲೈಟ್ ಸಿಮ್ಯುಲೇಟರ್ ಅಂಗಡಿಯ ವಿಮರ್ಶೆ

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಗಂಟೆಗೆ ಮೂರೂವರೆ ಸಾವಿರ, ಜಿಎಸ್‌ಟಿ ಬೇರೆ. ಅರ್ಧ ಗಂಟೆಯ ಪ್ಯಾಕೇಜೂ ಇದೆ, ಅದನ್ನು ತಗೊಳ್ಳಬೇಡಿ. ಸೀಟು ಹಿಂದೆ ಮುಂದೆ ಸರಿಸಿ, ಹೆಡ್‌ಸೆಟ್ ಹಾಕಿಕೊಂಡು, ಯಾವ ಗುಂಡಿ ಯಾತಕ್ಕೆ ಅಂತ ಕೇಳಿಸಿಕೊಳ್ಳುವಷ್ಟರಲ್ಲೇ ಅದು ಕರಗಿಹೋಗುತ್ತದೆ. ಹುಟ್ಟುಹಬ್ಬಕ್ಕೆ ಮಕ್ಕಳನ್ನು ಕರೆತಂದು, ಬೆಂಗಳೂರಿನ ಮೇಲೆ ಒಂದು ಸುತ್ತು ಹಾಕಿಸಿ, ಫೋಟೊ ತೆಗೆಸಿಕೊಂಡು ಹೋಗುವವರಿಗೆ ಈ ಅಂಗಡಿ ಚೆನ್ನಾಗಿದೆ. ಅವರು ಮುಂದೆ ಓದಬೇಕಾಗಿಲ್ಲ. ನಾನು ಬರೆಯುತ್ತಿರುವುದು ಬೇರೆಯವರಿಗೆ. ಮನೆಯಲ್ಲಿ ಪಿಯುಸಿ ಮುಗಿಸಿದ ಮಗು ಪೈಲಟ್ಟೇ ಆಗ್ತೀನಿ ಅಂತ ಹಟ ಹಿಡಿದು ಕೂತಿದೆ, ಸಾಲಕ್ಕೆ ಕೈಹಾಕುವ ಮುಂಚೆ ಒಂದು ಸಲ ಸಿಮ್ಯುಲೇಟರ್‌ನಲ್ಲಿ ಕೂರಿಸಿ ನೋಡೋಣ ಅಂದುಕೊಂಡಿರುವ ಅಪ್ಪ ಅಮ್ಮಂದಿರಿಗೆ.

ಅಂಗಡಿಯ ಹೆಸರು ಹೇಳುವುದಿಲ್ಲ. ಹೊಗಳುವುದರ ಜೊತೆ ದೂರುವುದೂ ಇದೆ, ನಡೆಸುವ ಹುಡುಗ ಒಳ್ಳೆಯವನು, ಅವನ ಹೊಟ್ಟೆಯ ಮೇಲೆ ಹೊಡೆಯುವ ಆಸೆ ನನಗಿಲ್ಲ. ನಗರದ ಉತ್ತರಕ್ಕೆ, ರಿಂಗ್ ರೋಡಿನ ಆಸುಪಾಸು. ಕೆಳಗೆ ಬೇಕರಿ, ಎರಡನೇ ಮಹಡಿಯಲ್ಲಿ ಇವನು. ಲಿಫ್ಟ್ ಇಲ್ಲ. ಪಾರ್ಕಿಂಗ್ ಅಂತೂ ಕೇಳಲೇಬೇಡಿ, ಆಟೋದಲ್ಲಿ ಹೋಗಿ.

ನಾನು ಪೈಲಟ್ ಅಲ್ಲ. ಎಎಂಇ, ಅಂದರೆ ವಿಮಾನ ರಿಪೇರಿ ಮಾಡಿ, ಇದು ಹಾರಬಹುದು ಅಂತ ಸಹಿ ಹಾಕುವವನು. ಈಗ ರಿಟೈರ್ ಆಗಿದ್ದೇನೆ. ಆಯಸ್ಸಿನ ಬಹುಭಾಗ ಫ್ಲೈಯಿಂಗ್ ಕ್ಲಬ್ಬುಗಳ ಹ್ಯಾಂಗರ್‌ನಲ್ಲಿ, ಎರಡು ಸೀಟು ನಾಲ್ಕು ಸೀಟಿನ ಚಿಕ್ಕ ವಿಮಾನಗಳ ಹೊಟ್ಟೆಯ ಕೆಳಗೆ ಮಲಗಿ ಕಳೆಯಿತು. ಹಾರಿಸಿದವರು ಬಂದು ಒಂದು ಕಥೆ ಹೇಳುತ್ತಾರೆ, ವಿಮಾನ ಇನ್ನೊಂದು ಹೇಳುತ್ತದೆ. ನಾವು ವಿಮಾನದ್ದನ್ನು ನಂಬುತ್ತೇವೆ. ಹೀಗಾಗಿ ಈ ಅಂಗಡಿಯಲ್ಲಿ ನಾನು ನೋಡಿದ್ದು ಒಂದೇ ಸಂಗತಿ: ಇಲ್ಲಿ ಲ್ಯಾಂಡಿಂಗ್ ಹೇಗೆ ಕಲಿಸುತ್ತಾರೆ? ಟೇಕಾಫ್ ಯಾರಿಗಾದರೂ ಕಲಿಸಬಹುದು. ಚಿಕ್ಕ ವಿಮಾನಗಳು ಹೆಚ್ಚಾಗಿ ಮುರಿದು ನಮ್ಮ ಹ್ಯಾಂಗರಿಗೆ ಬರುತ್ತಿದ್ದದ್ದು ಇಳಿಯುವಾಗ. ಇಳಿಯುವಾಗಿನ ಅಪಘಾತದಲ್ಲಿ ಜೀವ ಹೋಗುವುದು ಕಮ್ಮಿ, ವಿಮಾನ ಹೋಗುವುದು ಜಾಸ್ತಿ. ಪತ್ರಿಕೆಯಲ್ಲಿ ನಾಲ್ಕು ಸಾಲು ಬರುತ್ತದೆ, ಅಲ್ಲಿಗೆ ಮುಗಿಯಿತು.

ಕರೆದುಕೊಂಡು ಹೋಗಿದ್ದು ಅಕ್ಕನ ಮಗಳನ್ನು. ಸೆಕೆಂಡ್ ಪಿಯುಸಿ ಮುಗಿದಿದೆ, ಫಿಸಿಕ್ಸು ಮ್ಯಾಥ್ಸು ಎರಡೂ ಇದೆ, ಗುರಿ ಸಿಪಿಎಲ್, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್. ಈಗ ಅದಕ್ಕೆ ಅರ್ಧ ಕೋಟಿ ಆಸುಪಾಸಿನ ಖರ್ಚು, ಭಾವ ಸೈಟು ಮಾರಬೇಕೋ ಬ್ಯಾಂಕಿಗೆ ಹೋಗಬೇಕೋ ಅಂತ ಲೆಕ್ಕ ಹಾಕುತ್ತಿದ್ದಾರೆ. ಅಕ್ಕನ ಚಿಂತೆಯೇ ಬೇರೆ. "ಜಕ್ಕೂರು ಅಂದ್ರೆ ನಂಗೆ ಸೌಂದರ್ಯನೇ ಕಣ್ಮುಂದೆ ಬರ್ತಾಳೆ ಕಣೋ" ಅಂತ ಹೊರಡುವಾಗಲೂ ಹೇಳಿದಳು. ನಿಜ, 2004ರ ಏಪ್ರಿಲ್ 17ರಂದು ಜಕ್ಕೂರು ಏರ್‌ಫೀಲ್ಡಿನಿಂದ ಎದ್ದ, ನಟಿ ಸೌಂದರ್ಯ ಇದ್ದ ಆ ಸೆಸ್ನಾ 180 ಕೆಲವೇ ಕ್ಷಣಗಳಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಬಿದ್ದಿತು. ಅದು ಮೇಲೇಳುವಾಗ ಆದದ್ದು, ನಾವು ನೋಡಲು ಹೋಗುತ್ತಿರುವುದು ಇಳಿಯುವುದನ್ನು ಅಂದೆ. ಅಕ್ಕನಿಗೆ ಈ ವ್ಯತ್ಯಾಸದಿಂದ ಸಮಾಧಾನವೇನೂ ಆಗಲಿಲ್ಲ.

ಯಂತ್ರದ ವಿಷಯಕ್ಕೆ ಬರೋಣ. ಸೆಸ್ನಾ 172ರ ಕಾಕ್‌ಪಿಟ್ಟನ್ನು ಮರ ಮತ್ತು ಅಲ್ಯುಮಿನಿಯಂನಲ್ಲಿ ಕಟ್ಟಿದ್ದಾರೆ. ಎದುರಿಗೆ ಮೂರು ದೊಡ್ಡ ಪರದೆ. ಕೈಗೆ ಯೋಕ್, ಅಂದರೆ ಮೂಗು ಏರಿಳಿಸುವ, ರೆಕ್ಕೆ ವಾಲಿಸುವ ಹಿಡಿಕೆ ಇದೆ, ಕಾಲಿಗೆ ಮೂಗನ್ನು ಎಡಬಲ ತಿರುಗಿಸುವ ರಡ್ಡರ್ ಪೆಡಲ್ ಇದೆ, ಪೆಡಲಿನ ತುದಿ ಒತ್ತಿದರೆ ಬ್ರೇಕು ಬರುತ್ತದೆ. ಎಂಜಿನ್ ಜೋರು ಮಾಡುವ ಕಪ್ಪು ಥ್ರಾಟಲ್, ಪೆಟ್ರೋಲು-ಗಾಳಿಯ ಹದ ಮಾಡುವ ಕೆಂಪು ಮಿಕ್ಸ್ಚರ್, ಎರಡೂ ನಿಜದ ವಿಮಾನದ ಹಾಗೆ ಎಳೆಯುವ-ತಳ್ಳುವ ಗುಂಡಿಗಳು. ಫ್ಲಾಪ್ ಅಂದರೆ ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂಬದಿಯಿಂದ ಕೆಳಗೆ ಬಾಗುವ ಹಲಗೆ; ಅದರ ಲಿವರ್‌ನಲ್ಲಿ 10, 20, 30 ಡಿಗ್ರಿಯ ಮೂರು ಹಂತಗಳಿಗೂ ಕೈಗೆ ಸಿಗುವಂಥ ತಡೆ ಇದೆ. ಇದನ್ನೆಲ್ಲ ಯಾರೋ ಪ್ರೀತಿಯಿಂದ ಮಾಡಿದ್ದಾರೆ, ಸ್ಕ್ರೂ ಸಾಲುಗಳು ನೇರ ಇವೆ. ಕೆಲಸಗಾರನ ಕೈ ನನಗೆ ಗೊತ್ತಾಗುತ್ತದೆ. ಅಲ್ಲಿ ಪೂರ್ತಿ ಅಂಕ.

ಹೇಳಿಕೊಡುವ ಹುಡುಗನಿಗೆ ಇಪ್ಪತ್ತೈದು ಇಪ್ಪತ್ತಾರು ಇರಬಹುದು. ಲೈಸೆನ್ಸ್ ಕೈಯಲ್ಲಿದೆ, ಏರ್‌ಲೈನ್ ಕೆಲಸಕ್ಕೆ ಕಾಯುತ್ತಿದ್ದಾನೆ. ಅವಸರ ಮಾಡುವುದಿಲ್ಲ. ಡೌನ್‌ವಿಂಡ್ (ರನ್‌ವೇ ಪಕ್ಕದಲ್ಲಿ ಹಿಮ್ಮುಖವಾಗಿ), ಬೇಸ್ (ಅದಕ್ಕೆ ಅಡ್ಡಲಾಗಿ), ಫೈನಲ್ (ನೇರ ರನ್‌ವೇ ಕಡೆಗೆ) ಅಂತ ರನ್‌ವೇ ಸುತ್ತಿನ ದಾರಿಯನ್ನು ಬಿಳಿ ಬೋರ್ಡಿನ ಮೇಲೆ ಬರೆದು, ಎಲ್ಲಿ ಪವರ್ ಕಡಿಮೆ ಮಾಡಬೇಕು, ಎಲ್ಲಿ ಯಾವ ಫ್ಲಾಪ್ ಅಂತ ಹೇಳಿದ. ಫೈನಲ್‌ನಲ್ಲಿ ಪೂರ್ತಿ ಫ್ಲಾಪ್ ಹಾಕಿ 65 ನಾಟ್ ಹಿಡಿ, ಅದಕ್ಕಿಂತ ಜಾಸ್ತಿ ಬೇಡ, ಕಮ್ಮಿಯಂತೂ ಬೇಡವೇ ಬೇಡ ಅಂದ. ಸರಿಯಾದ ಪಾಠ. 172ರ ಮ್ಯಾನ್ಯುಯಲ್ ಪೂರ್ತಿ ಫ್ಲಾಪಿಗೆ ಹೇಳುವುದು 60ರಿಂದ 70.

ಹುಡುಗಿ 75ರಲ್ಲಿ ಬಂದಳು. ಹೊಸಬರು ಹೀಗೇ ಬರುವುದು. ಬೇಸ್‌ನಿಂದ ತಿರುಗುವಾಗ ಎತ್ತರ ಜಾಸ್ತಿ ಇತ್ತು, ಮೂಗು ತಗ್ಗಿಸಿದಳು, ಕಳೆದ ಎತ್ತರವೆಲ್ಲ ವೇಗಕ್ಕೆ ಸೇರಿತು. ಹತ್ತು ನಾಟ್ ತಾನೆ ಅನ್ನಿಸುತ್ತದೆ. ಆದರೆ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 65ರ ಬದಲು 75ರಲ್ಲಿ ಬಂದ ವಿಮಾನದ ಮೈಯಲ್ಲಿ ಮೂರನೇ ಒಂದು ಪಾಲು ಹೆಚ್ಚು ಶಕ್ತಿ ಇರುತ್ತದೆ. ಅದೆಲ್ಲ ಖರ್ಚಾಗುವ ತನಕ ರೆಕ್ಕೆ ವಿಮಾನವನ್ನು ಕೆಳಗೆ ಬಿಡುವುದಿಲ್ಲ. ನೆಲದಿಂದ ಒಂದು ರೆಕ್ಕೆಯುದ್ದದ ಒಳಗೆ ಬಂದರೆ, ಅಂದರೆ 172ಕ್ಕೆ ಸುಮಾರು 11 ಮೀಟರ್, ಗಾಳಿಯ ಎಳೆತವೂ ಕಡಿಮೆಯಾಗಿ ವಿಮಾನ ತೇಲುತ್ತಲೇ ಹೋಗುತ್ತದೆ. ಕಣ್ಣೆದುರು ರನ್‌ವೇ ಮುಗಿಯುತ್ತಾ ಬರುತ್ತದೆ. ಆಗ ಕೈ ತಾನಾಗಿಯೇ ಯೋಕನ್ನು ಮುಂದಕ್ಕೆ ಒತ್ತುತ್ತದೆ: ಇಳಿ, ಇಳಿ ಅಂತ. ಅವಳೂ ಒತ್ತಿದಳು.

ಮೂಗಿನ ಚಕ್ರ ಮೊದಲು ತಾಗಿತು. ಮೂಗು ಮೇಲೆದ್ದಿತು, ರೆಕ್ಕೆಗೆ ಮತ್ತೆ ಗಾಳಿ ಸಿಕ್ಕಿತು, ವಿಮಾನ ಪುಟಿಯಿತು. ಮತ್ತೆ ಒತ್ತಿದಳು. ಮತ್ತೆ ಮೂಗು, ಮತ್ತೆ ಪುಟಿತ, ಮೊದಲಿನದಕ್ಕಿಂತ ಎತ್ತರ. ಮೂರನೆಯದಕ್ಕೆ ಪರದೆ ಜೋರಾಗಿ ಅಲುಗಾಡಿತು, ಸ್ಪೀಕರ್‌ನಿಂದ ಡಬ್ ಅಂತ ಸದ್ದು ಬಂತು. ಆಮೇಲೆ ವಿಮಾನ ಏನೂ ಆಗಿಲ್ಲವೆಂಬಂತೆ ಉರುಳಿಕೊಂಡು ಹೋಗಿ ನಿಂತಿತು. ಪರದೆಯ ಮೇಲೆ ಅಂಕ: ನೂರಕ್ಕೆ ನಲವತ್ತೆರಡು.

"ಪಾಸ್ ಆದೆ ಮಾಮ!" ಅಂದಳು.

ಇಲ್ಲಿ ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ನಲವತ್ತೆರಡರ ಮೇಲೆ.

ಅಂಥದೊಂದು ಲ್ಯಾಂಡಿಂಗಿನ ನಂತರ ಹ್ಯಾಂಗರಿಗೆ ಬರುವ ವಿಮಾನ ಹೇಗಿರುತ್ತದೆ ಅಂತ ಹೇಳುತ್ತೇನೆ. 172ರ ಹಿಂದಿನ ಎರಡು ಕಾಲುಗಳು ಬರೀ ಉಕ್ಕಿನ ಸ್ಪ್ರಿಂಗು. ಲಾರಿಯ ಬ್ಲೇಡ್ ಸ್ಪ್ರಿಂಗಿನ ಹಾಗೆ ಬಾಗುತ್ತವೆ, ತಗೊಂಡ ಪೆಟ್ಟನ್ನು ಹಾಗೇ ವಾಪಸ್ ಕೊಡುತ್ತವೆ, ನುಂಗುವುದಿಲ್ಲ. ಆದರೂ ಗಟ್ಟಿ ಕಾಲುಗಳು, ವಿದ್ಯಾರ್ಥಿಗಳ ಕೈಯಲ್ಲಿ ವರ್ಷಾನುಗಟ್ಟಲೆ ಬಾಳುತ್ತವೆ. ಮೂಗಿನ ಕಾಲು ಬೇರೆ ಜಾತಿ. ಅದರಲ್ಲಿ ಎಣ್ಣೆ ಮತ್ತು ಒತ್ತಿದ ಗಾಳಿ ತುಂಬಿದ ಶಾಕ್ ಸ್ಟ್ರಟ್ ಇದೆ. ಅದು ಕೂತಿರುವುದು ಫೈರ್‌ವಾಲ್ ಮೇಲೆ, ಅಂದರೆ ಎಂಜಿನ್ನಿಗೂ ಪೈಲಟ್ಟಿಗೂ ನಡುವಿನ ತೆಳು ತಗಡಿನ ಗೋಡೆಯ ಮೇಲೆ. ಅದು ಇರುವುದು ವಿಮಾನ ನೆಲಕ್ಕೆ ಬಂದ ಮೇಲೆ ದಾರಿ ತಿರುಗಿಸಲು, ಇಳಿಯುವ ಪೆಟ್ಟು ತಿನ್ನಲು ಅಲ್ಲ. ಅದರ ಮೇಲೆ ಇಳಿದರೆ ಫೈರ್‌ವಾಲಿನ ಕೆಳಭಾಗ ಸುಕ್ಕುಗಟ್ಟುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಎಂಜಿನ್ ಕವರ್ ತೆಗೆದು ಟಾರ್ಚ್ ಹಿಡಿದು ಮಲಗಿ ನೋಡಬೇಕು. ರಿವೆಟ್ ಸುತ್ತ ಕಪ್ಪು ಹೊಗೆಯಂಥ ಕಲೆ ಇದ್ದರೆ ಆ ರಿವೆಟ್ ಸಡಿಲವಾಗಿ ಉಜ್ಜಾಡುತ್ತಿದೆ ಅಂತ ಅರ್ಥ. ಕೆಲವೊಮ್ಮೆ ಮೊದಲ ಸುಳಿವು ಬಾಗಿಲು: ನಿನ್ನೆ ತನಕ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇವತ್ತು ಹಿಡಿಯುತ್ತದೆ.

ಇನ್ನೂ ಕೆಟ್ಟದಾದರೆ ಮೂಗಿನ ಚಕ್ರ ಹಿಡಿದಿರುವ ಫೋರ್ಕ್ ಮುರಿದು ಮೂಗು ನೆಲಕ್ಕೆ ಕೂರುತ್ತದೆ, ಪ್ರೊಪೆಲ್ಲರ್ ಡಾಂಬರನ್ನು ಕಡಿಯುತ್ತದೆ. ಪ್ರೊಪೆಲ್ಲರ್ ಹೋದರೆ ಹೋಗಲಿ, ಸುತ್ತುತ್ತಿದ್ದದ್ದು ಒಮ್ಮೆಲೇ ನಿಂತ ಪೆಟ್ಟು ಕ್ರ್ಯಾಂಕ್‌ಶಾಫ್ಟಿಗೆ ಹೋಗಿರುತ್ತದೆ. ಹಾಗಾಗಿ ಎಂಜಿನ್ ಇಳಿಸಿ, ಪೂರ್ತಿ ಬಿಚ್ಚಿ ಪರೀಕ್ಷಿಸಬೇಕು. ಖರ್ಚು ಲಕ್ಷಗಳಲ್ಲಿ, ಸಮಯ ತಿಂಗಳುಗಳಲ್ಲಿ. ಆ ವಿಮಾನಕ್ಕೆ ಬುಕ್ ಮಾಡಿಕೊಂಡಿದ್ದ ಉಳಿದ ವಿದ್ಯಾರ್ಥಿಗಳು ಅಷ್ಟು ದಿನ ಹಾಸ್ಟೆಲ್‌ನಲ್ಲಿ ಬಿಟ್ಟಿ ಕೂರಬೇಕು.

ನಾನು ಕೆಲಸ ಮಾಡಿದ್ದ ಒಂದು ಕಡೆ, ಯಾವ ಊರು ಅನ್ನುವುದು ಬೇಡ, ಹೀಗೇ ಒಬ್ಬ ವಿದ್ಯಾರ್ಥಿ ಸೋಲೋದಲ್ಲಿ, ಅಂದರೆ ಒಬ್ಬನೇ ಹಾರುವಾಗ, ಎರಡು ಸೀಟಿನ ಸೆಸ್ನಾ 152ನ್ನು ಮೂಗಿನ ಮೇಲೆ ನಿಲ್ಲಿಸಿದ. ಹುಡುಗನಿಗೆ ಗಾಯವಾಗಿರಲಿಲ್ಲ, ನೀರು ಕುಡಿಸಿ ಕೂರಿಸಿದ್ದರು. "ಗಾಳಿ ಎತ್ತಿಬಿಡ್ತು ಸಾರ್, ಗೋ ಅರೌಂಡ್ ಮಾಡೋಕೆ ಹೋದೆ, ಆಗ್ಲಿಲ್ಲ" ಅಂದ. ಗೋ ಅರೌಂಡ್ ಅಂದರೆ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವುದು. ನಾನು ಪ್ರೊಪೆಲ್ಲರ್ ನೋಡಿದೆ. ಎರಡೂ ಬ್ಲೇಡು ಹಿಂದಕ್ಕೆ, ಎಂಜಿನ್ ಕಡೆಗೆ ಮಡಚಿಕೊಂಡಿದ್ದವು. ಎಂಜಿನ್ ಪೂರ್ತಿ ಜೋರಿನಲ್ಲಿದ್ದು ಗಾಳಿಯನ್ನು ಎಳೆಯುತ್ತಿದ್ದರೆ ಬ್ಲೇಡಿನ ತುದಿ ಸಾಮಾನ್ಯವಾಗಿ ಮುಂದಕ್ಕೆ ಬಾಗುತ್ತದೆ, ಐಡಲ್‌ನಲ್ಲಿ, ಅಂದರೆ ಪವರ್ ಇಲ್ಲದೆ ಸುಮ್ಮನೆ ತಿರುಗುತ್ತಿದ್ದರೆ, ಹಿಂದಕ್ಕೆ. ಅದೊಂದನ್ನೇ ನೋಡಿ ಷರಾ ಬರೆಯಲಾಗುವುದಿಲ್ಲ, ಆದರೆ ಥ್ರಾಟಲ್ ಕೂಡ ಹಿಂದಕ್ಕೆ ಎಳೆದಲ್ಲೇ ಇತ್ತು. ಮೊದಲ ಪುಟಿತಕ್ಕೂ ಮೂರನೆಯದಕ್ಕೂ ನಡುವೆ ಆ ಕೈ ಥ್ರಾಟಲ್ಲನ್ನು ಮುಂದೆ ತಳ್ಳಲೇ ಇಲ್ಲ. ಹುಡುಗ ಸುಳ್ಳು ಹೇಳಿದ ಅಂತ ನನಗೆ ಅನ್ನಿಸಲಿಲ್ಲ. ಮಾಡಬೇಕು ಅಂತ ತಲೆಗೆ ಬಂದಿತ್ತು, ಮಾಡಿದೆ ಅಂತಲೇ ನೆನಪಾಗಿ ಉಳಿಯಿತು.

ರಿಪೋರ್ಟುಗಳಲ್ಲಿ ಕಾರಣ ಅಂತ ಬರೆಯುವುದು ಪುಟಿದ ಲ್ಯಾಂಡಿಂಗನ್ನು ಸರಿಯಾಗಿ ನಿಭಾಯಿಸಲಿಲ್ಲ ಅಂತ. ಅದು ಕೊನೆಯ ಕಾರಣ. ಹಿಂದಕ್ಕೆ ಹೋದರೆ ಫೈನಲ್‌ನಲ್ಲಿ ವೇಗ ಹೆಚ್ಚು. ಅದರ ಹಿಂದೆ ಬೇಸ್‌ನಲ್ಲಿ ಎತ್ತರ ಹೆಚ್ಚು. ಅದರ ಹಿಂದೆ ಬೆನ್ನಿಗೆ ಬೀಸುವ ಗಾಳಿ ತಳ್ಳಿದ್ದರಿಂದ ಎತ್ತರ ಕಳೆಯಲು ಸಮಯ ಸಾಲದೆ ಹೋದದ್ದು. ಈ ಸರಪಳಿಯ ಪ್ರತಿ ಕೊಂಡಿಯಲ್ಲೂ ಒಂದೇ ಮದ್ದು ಇತ್ತು: ಥ್ರಾಟಲ್ ಪೂರ್ತಿ ಒಳಕ್ಕೆ, ಮೇಲೆ ಹೋಗಿ ಇನ್ನೊಂದು ಸುತ್ತು ಬಾ. ಗೋ ಅರೌಂಡ್. ಪೆಟ್ರೋಲು ಹತ್ತು ನಿಮಿಷದ್ದು ಖರ್ಚು, ಅಷ್ಟೆ.

ಹೀಗಾಗಿ ಆ ಹುಡುಗಿಗೆ, "ಪುಟ್ಟಿ, ಈ ಸಲ ಸರಿಬರದಿದ್ರೆ ಇಳೀಬೇಡ, ಮೇಲೆ ಹೋಗು" ಅಂದೆ. ಅಂಗಡಿಯ ಹುಡುಗನೂ ತಲೆಯಾಡಿಸಿ ವಿಧಾನ ಹೇಳಿಕೊಟ್ಟ: ಮೊದಲು ಪವರ್, ಆಮೇಲೆ ಫ್ಲಾಪನ್ನು 30ರಿಂದ 20ಕ್ಕೆ ಮಾತ್ರ, ವೇಗ 60 ಹಿಡಿದು ಏರುತ್ತಾ 10, ಆಮೇಲೆ ಸೊನ್ನೆ. ಒಂದೇ ಸಲ ಪೂರ್ತಿ ಎತ್ತಿದರೆ ವಿಮಾನ ಕುಸಿಯುತ್ತದೆ ಅಂತ ಎತ್ತಿ ತೋರಿಸಿಯೂ ಬಿಟ್ಟ. ಅದು ಒಳ್ಳೆಯ ಪಾಠ, ನಿಜದ ವಿಮಾನದಲ್ಲಿ ತೋರಿಸಲಾಗದ್ದು. ಹುಡುಗಿ ಮತ್ತೆ ಬಂದಳು, ಮತ್ತೆ ವೇಗ ಜಾಸ್ತಿ, ರನ್‌ವೇಯ ಮೊದಲ ಭಾಗ ಕಳೆದರೂ ಚಕ್ರ ತಾಗಲಿಲ್ಲ. ಥ್ರಾಟಲ್ ಒಳಗೆ ತಳ್ಳಿದಳು. ಮೂಗು ಎಡಕ್ಕೆ ಹೋಯಿತು, ಬಲಗಾಲು ಒತ್ತಿದಳು, ಏರಿದಳು. ಅಚ್ಚುಕಟ್ಟು.

ಪರದೆಯ ಮೇಲೆ ಬಂದದ್ದು: ಲ್ಯಾಂಡಿಂಗ್ ಪೂರ್ಣಗೊಂಡಿಲ್ಲ. ಅಂಕ 0.

ಈ ಅಂಗಡಿಯ ಮೇಲಿನ ನನ್ನ ದೊಡ್ಡ ದೂರು ಇದೇ. ವಿಮಾನ ಮುರಿಯುವ ಲ್ಯಾಂಡಿಂಗಿಗೆ ನಲವತ್ತೆರಡು, ವಿಮಾನ ಉಳಿಸಿದ ತೀರ್ಮಾನಕ್ಕೆ ಸೊನ್ನೆ. ಗೋಡೆಯ ಮೇಲೆ ಬೇರೆ ಈ ತಿಂಗಳ ಟಾಪ್ ಹತ್ತು ಲ್ಯಾಂಡಿಂಗ್ ಅಂತ ಪಟ್ಟಿ ಹಾಕಿದ್ದಾರೆ. ಹದಿನೇಳು ಹದಿನೆಂಟು ವರ್ಷದ ಮಕ್ಕಳು ಆ ಪಟ್ಟಿ ನೋಡಿಕೊಂಡು ಕೂರುತ್ತಾರೆ. ಹೇಗಾದರೂ ಮಾಡಿ ಚಕ್ರ ನೆಲಕ್ಕೆ ತಾಗಿಸಿದರೆ ಅಂಕ ಬರುತ್ತದೆ ಅಂತ ಕೈ ಕಲಿಯುತ್ತದೆ. ಆ ಕೈಯೇ ನಾಳೆ 152ರಲ್ಲಿ ಸೋಲೋ ಹೋಗುತ್ತದೆ.

ಹುಡುಗನಿಗೆ ಹೇಳಿದೆ. ಅವನು, "ಸಾಫ್ಟ್‌ವೇರ್ ಹಂಗೇ ಇದೆ ಸಾರ್, ಅಂಕ ಇಲ್ದಿದ್ರೆ ಕಸ್ಟಮರ್‌ಗೆ ಮಜಾ ಇರಲ್ಲ" ಅಂದ. ಪಾಪ, ಬಾಡಿಗೆ ಕಟ್ಟಬೇಕು. ಅಂಕದ ಪರದೆಯನ್ನು ಆಫ್ ಮಾಡಬಹುದಾ ಅಂದೆ, ಮಾಡಬಹುದಂತೆ. ಮಾಡಿದ. ಆಮೇಲಿನ ಅರ್ಧ ಗಂಟೆ ನಿಜಕ್ಕೂ ಚೆನ್ನಾಗಿತ್ತು. ಹೋಗುವವರು ಮೊದಲೇ ಕೇಳಿ ಆಫ್ ಮಾಡಿಸಿಕೊಳ್ಳಿ.

ಎರಡನೆಯ ದೂರು ಊರಿಗೆ ಸಂಬಂಧಿಸಿದ್ದು. ಪರದೆಯಲ್ಲಿ ಬೆಂಗಳೂರು ಕಾಣುತ್ತದೆ, ಕೆರೆಗಳೂ ಕಾಣುತ್ತವೆ, ಆದರೆ ಹವೆ ಬೆಂಗಳೂರಿನದಲ್ಲ. ತಾಪಮಾನ 15 ಡಿಗ್ರಿ, ಗಾಳಿ ಸೊನ್ನೆ ಅಂತ ಇಟ್ಟಿದ್ದಾರೆ. ಯಾವ ಕಾಲದ ಬೆಂಗಳೂರಪ್ಪ ಇದು! ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಹೊಡೆದರೆ ಗಾಳಿ ಎಷ್ಟು ತೆಳುವಾಗುತ್ತದೆಂದರೆ ವಿಮಾನಕ್ಕೆ ತಾನು ಹತ್ತಿರಹತ್ತಿರ 6,000 ಅಡಿ ಮೇಲಿದ್ದೇನೆ ಅನ್ನಿಸುತ್ತದೆ. ಡೆನ್ಸಿಟಿ ಆಲ್ಟಿಟ್ಯೂಡ್ ಅನ್ನುವುದು ಇದನ್ನೇ. ಮೀಟರ್ 65 ತೋರಿಸುತ್ತಿರುತ್ತದೆ, ನೆಲದ ಮೇಲೆ ನಿಜವಾದ ಓಟ 71ರ ಹತ್ತಿರ. ಚಕ್ರ ತಾಗಿದ ಮೇಲೆ ಹೆಚ್ಚು ದೂರ ಉರುಳುತ್ತದೆ. ಟರ್ಬೋ ಇಲ್ಲದ ಎಂಜಿನ್ನಿನ ಶಕ್ತಿಯಲ್ಲೂ ಆರನೇ ಒಂದು ಪಾಲಿನಷ್ಟು ಖೋತಾ. ಮಿಕ್ಸ್ಚರನ್ನು ಸರಿಯಾಗಿ ತೆಳು ಮಾಡದಿದ್ದರೆ ಇನ್ನೂ ಹೆಚ್ಚು. ಅಂದರೆ ಗೋ ಅರೌಂಡ್ ತಡವಾಗಿ ಮಾಡಿದವನಿಗೆ ಇಲ್ಲಿ ಚೆನ್ನೈಗಿಂತ ಕಮ್ಮಿ ಅವಕಾಶ.

33 ಡಿಗ್ರಿ ಹಾಕಿಸಿದೆ. ಪಶ್ಚಿಮ-ನೈಋತ್ಯದಿಂದ ಹನ್ನೆರಡು ನಾಟ್ ಗಾಳಿ ಹಾಕಿಸಿದೆ, ಜೂನ್ ತಿಂಗಳ ಗಾಳಿ. ನಮ್ಮೂರಿನ ರನ್‌ವೇಗಳೆಲ್ಲ, ಜಕ್ಕೂರು, ಎಚ್‌ಎಎಲ್, ಯಲಹಂಕ, ದೇವನಹಳ್ಳಿ, ಪೂರ್ವ-ಪಶ್ಚಿಮಕ್ಕೆ ಮಲಗಿವೆ. ಮಳೆಗಾಲದ ಗಾಳಿ ಪಡುವಣದಿಂದ, ಚಳಿಗಾಲದ್ದು ಮೂಡಣದಿಂದ. ಹಾಕಿದವರು ಸುಮ್ಮನೆ ಹಾಕಿಲ್ಲ. ಹೀಗಾಗಿ ಅಡ್ಡಗಾಳಿ ಇಲ್ಲಿ ತೀರ ಕ್ರೂರವಲ್ಲ, ಆದರೆ ಓರೆಯಾಗಿ ಬರುವ ಗಾಳಿ ವಿಮಾನವನ್ನು ನಿಧಾನವಾಗಿ ಪಕ್ಕಕ್ಕೆ ಸರಿಸುತ್ತದೆ. ಗಾಳಿ ಬರುವ ಕಡೆಯ ರೆಕ್ಕೆ ತಗ್ಗಿಸಿ, ಎದುರು ಕಾಲಿನ ರಡ್ಡರ್ ಒತ್ತಿ ಮೂಗನ್ನು ನೇರ ಇಡಬೇಕು. ಹಾಗೆ ಮಾಡದೆ ಪಕ್ಕಕ್ಕೆ ಜಾರುತ್ತಾ ಇಳಿದರೆ ಕಾಲುಗಳ ಮೇಲೆ ಅಡ್ಡ ಹೊರೆ ಬಿದ್ದು ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ ಹೋಗುತ್ತದೆ. ಹುಡುಗಿಗೆ ಕೈಕಾಲು ಎರಡನ್ನೂ ಉಲ್ಟಾ ಆಡಿಸುವುದು ಮೊದಮೊದಲು ತಬ್ಬಿಬ್ಬು. ಭರತನಾಟ್ಯ ಕಲಿತಿದ್ದಾಳೆ, ಕಾಲು ಬೇಗ ಪಳಗಿತು. ಇಲ್ಲಿ ಯಂತ್ರದ ಪೆಡಲುಗಳಿಗೆ ಶಹಭಾಸ್ ಹೇಳಬೇಕು, ತೂಕ ಸರಿಯಾಗಿದೆ.

ವೇಗ ಕಮ್ಮಿಯಾದರೆ ಏನಾಗುತ್ತದೆ ಅನ್ನುವುದನ್ನೂ ತೋರಿಸು ಅಂದೆ. ಬೆಂಗಳೂರಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ನನ್ನ ವಯಸ್ಸಿನವರಿಗಂತೂ. 1990ರ ಫೆಬ್ರವರಿ 14ರಂದು ಬಾಂಬೆಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320 ಎಚ್‌ಎಎಲ್ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲ ತಾಗಿತು. ಒಳಗಿದ್ದ 146 ಜನರಲ್ಲಿ 92 ಮಂದಿ ಹೋದರು. ಅದು ದೊಡ್ಡ ಜೆಟ್, ಕಂಪ್ಯೂಟರ್ ತುಂಬಿದ ಹೊಸ ವಿಮಾನ, ನಮ್ಮ ಸೆಸ್ನಾಗೂ ಅದಕ್ಕೂ ಹೋಲಿಕೆಯಿಲ್ಲ. ಆದರೆ ಮೂಲ ಸಂಗತಿ ಒಂದೇ: ಇಳಿಯುವ ದಾರಿಯಲ್ಲಿ ಎಂಜಿನ್ ಐಡಲ್‌ನಲ್ಲೇ ಉಳಿಯಿತು, ವೇಗ ಕುಸಿಯುತ್ತಾ ಹೋಯಿತು, ಅದು ಗಮನಕ್ಕೆ ಬಂದಾಗ ತೀರ ತಡವಾಗಿತ್ತು. ಪವರ್ ಕೊಟ್ಟರೂ ಜೆಟ್ ಎಂಜಿನ್ ಐಡಲ್‌ನಿಂದ ಏಳಲು ಕೆಲವು ಸೆಕೆಂಡು ಬೇಕು, ಆ ಸೆಕೆಂಡುಗಳು ಉಳಿದಿರಲಿಲ್ಲ.

172ರಲ್ಲಿ ಎಂಜಿನ್ ಬೇಗ ಸ್ಪಂದಿಸುತ್ತದೆ, ಅದೊಂದು ಪುಣ್ಯ. ಆದರೆ ನಿಧಾನವಾಗಿ ತಗ್ಗಿನಲ್ಲಿ ಬರುತ್ತಿರುವವನು ರನ್‌ವೇ ದೂರ ಆಯಿತು ಅಂತ ಯೋಕ್ ಎಳೆದರೆ ವಿಮಾನ ಏರುವುದಿಲ್ಲ, ಗಾಳಿಯ ಎಳೆತ ಹೆಚ್ಚಾಗಿ ಇನ್ನೂ ಬೇಗ ಇಳಿಯುತ್ತದೆ. ಬೇಸ್‌ನಿಂದ ಫೈನಲ್‌ಗೆ ತಿರುಗುವಾಗಲಂತೂ ಇದು ಕೊಲ್ಲುತ್ತದೆ. 45 ಡಿಗ್ರಿ ವಾಲಿ ತಿರುಗಿದರೆ ಸ್ಟಾಲ್ ಆಗುವ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾಗದೆ ಸೋಲುವ, ವೇಗ ಸುಮಾರು ಶೇಕಡ 19ರಷ್ಟು ಮೇಲೇರುತ್ತದೆ. 60 ಡಿಗ್ರಿಗೆ ಶೇಕಡ 41. ರನ್‌ವೇ ಸಾಲು ದಾಟಿ ಹೋಗುತ್ತಿದೆ ಅಂತ ಗಾಬರಿಯಲ್ಲಿ ರಡ್ಡರ್ ಒತ್ತಿ ಮೂಗನ್ನು ಒಳಕ್ಕೆ ಎಳೆದರೆ ಒಂದು ರೆಕ್ಕೆ ಮೊದಲು ಸ್ಟಾಲ್ ಆಗಿ ವಿಮಾನ ಗಿರ್ರನೆ ತಿರುಗುತ್ತದೆ. 500 ಅಡಿಯಲ್ಲಿ ಅದರಿಂದ ಹೊರಬರುವಷ್ಟು ಎತ್ತರವೇ ಇರುವುದಿಲ್ಲ. ಅಂಗಡಿಯ ಹುಡುಗ ಇದನ್ನು ಮಾಡಿ ತೋರಿಸಿದ. ಪರದೆ ಹಸಿರಾಯಿತು, ಆಮೇಲೆ ಕಪ್ಪಾಯಿತು. ಅಕ್ಕನ ಮಗಳು ಆ ಹೊತ್ತಿಗೆ ಮಾತಾಡುವುದು ನಿಲ್ಲಿಸಿದ್ದಳು. ಇಡೀ ಗಂಟೆಯಲ್ಲಿ ಮೂರೂವರೆ ಸಾವಿರಕ್ಕೆ ಬೆಲೆ ಬಂದದ್ದು ಈ ಐದು ನಿಮಿಷದಲ್ಲಿ.

ಯಂತ್ರಕ್ಕೆ ಬಾರದ ವಿದ್ಯೆಗಳೂ ಇವೆ, ಅದು ಇವರ ತಪ್ಪಲ್ಲ. ನೆಲ ಎಷ್ಟು ಹತ್ತಿರ ಇದೆ ಅನ್ನುವುದು ನಿಜದ ವಿಮಾನದಲ್ಲಿ ಕಣ್ಣಂಚಿನಿಂದ ಗೊತ್ತಾಗುತ್ತದೆ, ಎರಡೂ ಬದಿಯ ಹುಲ್ಲು ಓಡುವ ಪರಿಯಿಂದ. ಮೂರು ಪರದೆಯಿದ್ದರೂ ಅದು ಇಲ್ಲಿ ಅರೆಬರೆ. ಪರದೆಗಳ ನಡುವಿನ ಕಪ್ಪು ಪಟ್ಟಿ ಸರಿಯಾಗಿ ಬೇಸ್ ತಿರುವಿನಲ್ಲಿ ರನ್‌ವೇಯನ್ನು ಮುಚ್ಚಿಕೊಳ್ಳುತ್ತದೆ. ಹೀಗಾಗಿ ಇಲ್ಲಿ ನಯವಾಗಿ ಇಳಿಸಿದವರು ಅಲ್ಲಿ ಇಳಿಸುತ್ತಾರೆ ಅಂತಿಲ್ಲ, ಇಲ್ಲಿ ಗುದ್ದಿದವರು ಅಲ್ಲೂ ಗುದ್ದುತ್ತಾರೆ ಅಂತಲೂ ಇಲ್ಲ. ಇನ್ನೊಂದು ಟ್ರಿಮ್, ಅಂದರೆ ಯೋಕಿನ ಮೇಲೆ ಕೈಗೆ ಬೀಳುವ ಭಾರ ಇಳಿಸುವ ಚಕ್ರ. ಇಳಿಯಲು ಟ್ರಿಮ್ ಮಾಡಿಟ್ಟ ವಿಮಾನಕ್ಕೆ ಒಮ್ಮೆಲೇ ಪೂರ್ತಿ ಪವರ್ ಕೊಟ್ಟರೆ ಮೂಗು ತಾನಾಗಿ ಎತ್ತರಕ್ಕೆ ಏಳುತ್ತದೆ, ಅದನ್ನು ಕೆಳಗೆ ಹಿಡಿಯಲು ನಿಜಕ್ಕೂ ತೋಳಿನ ಬಲ ಬೇಕು. ಇಲ್ಲಿನ ಯೋಕ್ ಬರೀ ಸ್ಪ್ರಿಂಗಿನದು, ಟ್ರಿಮ್ ಚಕ್ರ ಎಷ್ಟು ತಿರುಗಿಸಿದರೂ ಕೈಗೆ ಏನೂ ಹೇಳುವುದಿಲ್ಲ. ಎರಡು ಬೆರಳಲ್ಲಿ ಗೋ ಅರೌಂಡ್ ಮಾಡಿದ ಮಗು ನಾಳೆ ವಿಮಾನದಲ್ಲಿ ಬೆಚ್ಚಿಬೀಳಬಾರದು. ಅದನ್ನು ಹುಡುಗ ಬಾಯಲ್ಲಾದರೂ ಹೇಳಬೇಕಿತ್ತು, ಹೇಳಲಿಲ್ಲ.

ಸರ್ಟಿಫಿಕೇಟಿನ ವಿಷಯ. ಹೊರಡುವಾಗ ದಪ್ಪ ಕಾಗದದ ಮೇಲೆ ಬಂಗಾರದ ಅಂಚಿನ ಪ್ರಮಾಣಪತ್ರ ಕೊಡುತ್ತಾರೆ, ಇಷ್ಟು ಗಂಟೆ ಹಾರಾಟ ಅಂತ ಬರೆದು. ಗೋಡೆಗೆ ಹಾಕಲು ಚೆಂದ. ಸಿಪಿಎಲ್‌ಗೆ ಬೇಕಾದ 200 ಗಂಟೆಯಲ್ಲಿ ಇದರ ಒಂದು ನಿಮಿಷವೂ ಲೆಕ್ಕಕ್ಕಿಲ್ಲ, ಏಕೆಂದರೆ ಇದು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನದ ಸರ್ಕಾರಿ ಸಂಸ್ಥೆ, ಒಪ್ಪಿದ ಸಿಮ್ಯುಲೇಟರ್ ಅಲ್ಲ. ಕೇಳಿದರೆ ಹುಡುಗ ನೇರವಾಗಿಯೇ ಒಪ್ಪಿಕೊಳ್ಳುತ್ತಾನೆ. ಕೇಳದವರಿಗೆ ಕೌಂಟರಿನಲ್ಲಿರುವ ಬೋರ್ಡು ಬೇರೆ ಥರ ಅರ್ಥವಾಗುವ ಹಾಗಿದೆ. ಹತ್ತು ಗಂಟೆಯ "ಪ್ರೀ-ಪೈಲಟ್" ಪ್ಯಾಕೇಜನ್ನು ಆ ಬೋರ್ಡ್ ನೋಡಿ ತಗೊಳ್ಳಬೇಡಿ. ಒಂದೆರಡು ಗಂಟೆ ಸಾಕು. ಮಿಕ್ಕ ದುಡ್ಡಿನಲ್ಲಿ ಮೊದಲು ಡಿಜಿಸಿಎ ಪಟ್ಟಿಯಲ್ಲಿರುವ ಡಾಕ್ಟರ ಹತ್ತಿರ ಕ್ಲಾಸ್ 2 ಮೆಡಿಕಲ್ ಮಾಡಿಸಿ. ಕಣ್ಣಿಗೆ ಬಣ್ಣ ಸರಿಯಾಗಿ ಕಾಣುತ್ತದೋ ಇಲ್ಲವೋ ಗೊತ್ತಾಗುವ ಮುಂಚೆ ಸೈಟಿನ ಕಾಗದ ಬ್ಯಾಂಕಿಗೆ ಒಯ್ಯಬಾರದು ಅಂತ ಭಾವನಿಗೂ ಹೇಳಿದ್ದೇನೆ.

ಇವಿಷ್ಟು ಗೊತ್ತಿದ್ದು ಹೋದರೆ ಅಂಗಡಿ ಒಳ್ಳೆಯದೇ. ಐದರಲ್ಲಿ ಮೂರೂವರೆ ಕೊಡುತ್ತೇನೆ. ಆ ಟಾಪ್ ಹತ್ತರ ಪಟ್ಟಿ ಕಿತ್ತುಹಾಕಿದ ದಿನ ನಾಲ್ಕು. ಬೆಳಗಿನ ಹೊತ್ತೇ ಬುಕ್ ಮಾಡಿ, ಮಧ್ಯಾಹ್ನದ ಮೇಲೆ ಮೂರು ಪರದೆಯ ಬಿಸಿಗೆ ಆ ರೂಮಿನ ಎಸಿ ಸಾಲುವುದಿಲ್ಲ. ವಾರದ ದಿನವಾದರೆ ಇನ್ನೂ ಒಳ್ಳೆಯದು, ಶನಿವಾರ ಭಾನುವಾರ ಹುಟ್ಟುಹಬ್ಬದ ಗುಂಪು ಬಾಗಿಲಲ್ಲೇ ಕಾಯುತ್ತಿರುತ್ತದೆ, ಹುಡುಗನಿಗೆ ಗಡಿಯಾರ ನೋಡದೆ ಹೇಳಿಕೊಡಲು ಆಗುವುದಿಲ್ಲ. ಫೋನಿನಲ್ಲಿ ಬುಕ್ ಮಾಡುವಾಗಲೇ ಹೇಳಿಬಿಡಿ: ಅಂಕ ಬೇಡ, 33 ಡಿಗ್ರಿ ಇಡಿ, ಗಾಳಿ ಹಾಕಿ, ಕನಿಷ್ಠ ಅರ್ಧ ಗಂಟೆ ಗೋ ಅರೌಂಡ್ ಮಾಡಿಸಿ. ಕಾಫಿ ಮೆಷಿನ್ನಿನದು, ಅದನ್ನು ಬಿಟ್ಟು ಕೆಳಗಿನ ಬೇಕರಿಗೆ ಇಳಿಯಿರಿ, ದಿಲ್‌ಪಸಂದ್ ಚೆನ್ನಾಗಿದೆ.